ಹೇಳದೆ ನೋಡಿದ ಮನೆಗಳು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ನೋಡುವುದು ನೀರು ತಂದುಕೊಟ್ಟವರು ಯಾರು ಎಂಬುದನ್ನು. ಸೋಫಾ, ಟಿವಿ, ಷೋಕೇಸಿನ ಗೊಂಬೆಗಳೆಲ್ಲ ಆಮೇಲೆ. ತಂದವಳು ಅತ್ತೆಯೋ ಸೊಸೆಯೋ, ಯಾವ ಕೆಲಸ ಬಿಟ್ಟು ಎದ್ದು ಬಂದಳು, ಕೊಟ್ಟ ಮೇಲೆ ಕೂತಳೋ ಗೋಡೆಗೆ ಒರಗಿ ನಿಂತೇ ಇದ್ದಳೋ, ನಿಂತಿದ್ದರೆ ಅದು ಮನೆಯವರ ಗಮನಕ್ಕೆ ಬಂತೋ ಇಲ್ಲವೋ. ಇಷ್ಟನ್ನು ಯೋಚಿಸುವಷ್ಟರಲ್ಲಿ ಲೋಟ ಖಾಲಿಯಾಗಿರುತ್ತದೆ. ನೀರು ಸಿಹಿಯೋ ಸಪ್ಪೆಯೋ ಕೇಳಬೇಡಿ. "ನೀನು ಬರೋದು ನೆಂಟರ ಮನೆಗೋ, ತನಿಖೆಗೋ?" ಎಂದು ನನ್ನ ಗಂಡ ದಾರಿಯುದ್ದಕ್ಕೂ ರೇಗುತ್ತಾರೆ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ನನ್ನ ಗೆಳತಿ ಮಹಾದೇವಿ ಅಂಟಿಸಿದ್ದು. ಅವಳು ಹೋಗಿ ಈಗ ಎರಡು ತಿಂಗಳಾಗುತ್ತ ಬಂತು. ಹೋದವರ ಸೀರೆ, ಪಾತ್ರೆ ಯಾರಿಗಾದರೂ ಸೇರುತ್ತವೆ. ನನ್ನ ಪಾಲಿಗೆ ಬಂದದ್ದು ಈ ಅನುಮಾನ.

ಧಾರವಾಡದಲ್ಲಿ ನಾವಿಬ್ಬರೂ ಡಿ.ಎಡ್. ಓದುತ್ತಿದ್ದೆವು. ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆ. ನಾನು ತುಮಕೂರು ಕಡೆಯವಳು, ಅವಳು ಬೈಲಹೊಂಗಲದವಳು. ಬೇಸಿಗೆ ರಜೆ ಬರುವ ಹೊತ್ತಿಗೆ ಅಪ್ಪ ಹಾಸ್ಟೆಲ್ಲಿಗೆ ಫೋನು ಮಾಡಿ, "ಮನೆ ಹೆಂಚು ಇಳಿಸಿದ್ದೀವಮ್ಮ. ತಾರಸಿ ಹಾಕೋವರೆಗೂ ನಾವೇ ಕೊಟ್ಟಿಗೇಲಿ ಮಲಗ್ತಿದ್ದೀವಿ. ನೀನು ಬಂದು ಎಲ್ಲಿ ಮಲಗ್ತೀಯ?" ಎಂದರು. ಹಸುವಿಗಿಂತ ನನಗೆ ಕಡಿಮೆ ಜಾಗವೇ ಎಂದು ನಾನು ಮುಖ ಊದಿಸಿಕೊಂಡು ಕೂತಿದ್ದಾಗ ಮಹಾದೇವಿ ನನ್ನ ಬಟ್ಟೆಗಳನ್ನು ತನ್ನ ಪೆಟ್ಟಿಗೆಗೆ ತುಂಬಿಯಾಗಿತ್ತು.

ಬೈಲಹೊಂಗಲದ ಅವರ ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ. ಅಜ್ಜಿಯನ್ನು ಅಲ್ಲಿ ಆಯಿ ಎನ್ನುತ್ತಾರೆ. ಅಪ್ಪನದು ಬೀಜ, ಗೊಬ್ಬರದ ಅಂಗಡಿ. ನಾವು ವಾರವೆಲ್ಲ ಹೊಲಿಗೆ ಕ್ಲಾಸಿಗೆ ಹೋಗಿ ಒಂದು ಲಂಗದ ಅಂಚನ್ನು ಹೊಲಿದು ಬಿಚ್ಚಿ, ಮತ್ತೆ ಹೊಲಿಯುತ್ತಿದ್ದೆವು. ಭಾನುವಾರ ಮಾತ್ರ ಬಿಡುವು.

ಆಯಿಗೆ ಮೊದಲ ದಿನದಿಂದಲೇ ನನ್ನ ಮೇಲೆ ಸಂಶಯ. ನಾನು ನೆಂಟಳಲ್ಲ, ಬೀಗರ ಕಡೆಯವಳಲ್ಲ, ಮಾತು ಬೇರೆ. ಊಟಕ್ಕೆ ಕೂತಾಗ ನಿಮ್ಮ ಕಡೆ ಏನುಣ್ಣುತ್ತೀರಿ ಎಂದು ಕೇಳಿದರು. ರಾಗಿಮುದ್ದೆ, ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ ಎಂದೆ.

"ಅಗೀದನ ನುಂಗತೀರಿ? ಹಾವಿನಂಗ?"

"ಹೂಂ ಅಜ್ಜಿ."

ಆಯಿ ಮೊಮ್ಮಗಳ ಕಡೆ ತಿರುಗಿ, "ಇಕಿನ್ನ ಎಲ್ಲಿಂದ ಹಿಡಕೊಂಡ ಬಂದೀಯವ್ವಾ?" ಎಂದರು. ಅವತ್ತಿನಿಂದ ನಾನು ರೊಟ್ಟಿ ತಿನ್ನುವಾಗಲೆಲ್ಲ ಅಗಿಯುತ್ತಿದ್ದೇನೋ ಇಲ್ಲವೋ ಎಂದು ನೋಡುತ್ತಿದ್ದರು. ನನಗೂ ಅವರ ಅಡುಗೆಯ ಮೇಲೆ ನಂಬಿಕೆ ಇರಲಿಲ್ಲ. "ಖಾರ ಏನಿಲ್ಲ ತಗೋ" ಎಂದು ಬಡಿಸಿದ ಪಲ್ಯಕ್ಕೆ ಕಣ್ಣಲ್ಲಿ ನೀರು ಬಂದು, ಮನೆ ನೆನಪಾಯಿತು ಎಂದು ಸುಳ್ಳು ಹೇಳಿದ್ದೆ.

ಮೊದಲ ಭಾನುವಾರ ಮಹಾದೇವಿ ಕಿತ್ತೂರಿಗೆ ಹೋಗೋಣ ಎಂದಳು. ಬಾಗಿಲಲ್ಲಿ ಆಯಿ.

"ಎಲ್ಲಿ ಹೊಂಟೀರಿ?"

"ಕಿತ್ತೂರಿಗಿ ಆಯಿ. ಸುಮಾ ಕೋಟಿ ನೋಡಿಲ್ಲ."

"ಕೋಟಿ ಎಲ್ಲಿ ಓಡಿ ಹೊಕ್ಕೈತೇನು? ಬಿದ್ದ ಗ್ವಾಡಿ ನೋಡಾಕ ಇಷ್ಟ್ಯಾಕ ಪೌಡರ್ ಬಡಕೊಂಡೀರಿ?"

"ದೂರದಿಂದ ಬಂದಾಳ. ನಮ್ಮ ಕಡೆ ಏನೇನ ಅದಾವ ನೋಡಬ್ಯಾಡೇನು?"

"ನೋಡ್ರಿ. ನಿಮ್ಮನ್ನ ಯಾರ ನೋಡತಾರ, ಅದನ್ನೂ ಸ್ವಲ್ಪ ನೋಡ್ರಿ."

ಕಿತ್ತೂರಿನ ಕೋಟೆಯಲ್ಲಿ ಬಿಸಿಲು ಬಿಟ್ಟರೆ ನಾವಿಬ್ಬರೇ. ಅರಮನೆಯ ಗೋಡೆಯೊಂದರಲ್ಲಿ ಕಿಂಡಿ ಇದೆ. ಅದರಿಂದ ಧ್ರುವ ನಕ್ಷತ್ರ ಕಾಣುತ್ತಿತ್ತಂತೆ. ನಾನು ಕಣ್ಣಿಟ್ಟು ನೋಡಿದೆ, ಒಂದು ಎಮ್ಮೆಯ ಬೆನ್ನು ಕಂಡಿತು. ಇದನ್ನು ಹೇಳಿ ನಗಬೇಕೆಂದು ತಿರುಗಿದರೆ ಮಹಾದೇವಿ ಆಗಲೇ ಚಪ್ಪಲಿಯ ಧೂಳು ಕೊಡವಿಕೊಂಡು ಹೊರಟು ನಿಂತಿದ್ದಳು.

"ನೀ ಮ್ಯೂಸಿಯಂ ನೋಡಕೋತ ಇರು. ಇಲ್ಲಿ ನಮ್ಮ ದೂರದ ಬೀಗರು ಅದಾರ, ಮಾತಾಡಿಸಿ ಬರತೇನಿ."

"ನಾನೂ ಬರ್ತೀನಿ ಕಣೆ."

"ನೀ ಬ್ಯಾಡ. ಅವರು ಭಾಳ ಮಾತಾಡತಾರ."

ನಾನೇನು ಮೂಗಿಯೇ? ಮ್ಯೂಸಿಯಮ್ಮಿನ ಕತ್ತಿ, ಗುರಾಣಿಗಳನ್ನು ಎರಡೆರಡು ಸಲ ನೋಡಿದೆ. ಕಾವಲುಗಾರ ನನ್ನನ್ನು ಅದಕ್ಕಿಂತ ಹೆಚ್ಚು ಸಲ ನೋಡಿದ. ಮಹಾದೇವಿ ಬಂದಾಗ ಅವಳ ತುಟಿಯಂಚಿನಲ್ಲಿ ಬೆಲ್ಲದ ಚೂರಿತ್ತು. ಮುಖ ಪರೀಕ್ಷೆ ಬರೆದು ಹೊರಬಂದವಳಂತೆ ಕೆಂಪಾಗಿತ್ತು. ಬಸ್ಸಿನಲ್ಲಿ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ, "ಸುಮಾ, ಒಬ್ಬಾಕಿನ್ನ ನಿಂತಲ್ಲಿ ಕುಂತಲ್ಲಿ ಕೂಗಿ ಕರೀತಾನ ಇದ್ರ, ಆಕಿ ಹೆಸರು ಎಷ್ಟ ಸವದಿರತೈತಲ್ಲ?" ಎಂದಳು.

ನೀವೇ ಹೇಳಿ, ಇಂಥ ಮಾತು ಕೇಳಿದ ಇಪ್ಪತ್ತರ ಹುಡುಗಿಗೆ ಏನನ್ನಿಸಬೇಕು? ಯಾರೋ ಹುಡುಗ ಇವಳನ್ನು ಹೆಸರು ಸವೆಯುವಂತೆ ಕರೆಯುತ್ತಿದ್ದಾನೆ ಎಂದು ತೀರ್ಮಾನಿಸಿದೆ. ಆ ವಾರವೆಲ್ಲ ಸಾಕ್ಷಿ ಕೂಡಿಹಾಕಿದೆ. ಹೊಲಿಗೆ ಕ್ಲಾಸಿನಲ್ಲಿ ಸೂಜಿ ಚುಚ್ಚಿಕೊಂಡಳು. ಶನಿವಾರ ಚೂಡಿದಾರಕ್ಕೆ ಇಸ್ತ್ರಿ ಹಾಕಿದಳು. ಅಪ್ಪ ಊಟಕ್ಕೆ ಕೂತು ಏನೋ ಹೇಳುತ್ತಿದ್ದಾಗ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ನನಗೆ ಆ ಹುಡುಗನ ಮೇಲೆ ಸಿಟ್ಟಿರಲಿಲ್ಲ, ಕಾಣದವನ ಮೇಲೆ ಎಂಥ ಸಿಟ್ಟು? ನನಗೆ ಹೇಳಲಿಲ್ಲವಲ್ಲ ಎನ್ನುವುದೇ ಉರಿಯುತ್ತಿತ್ತು.

ಮುಂದಿನ ಭಾನುವಾರ ಸವದತ್ತಿ. ಗುಡ್ಡಕ್ಕೆ ಹೋಗಿ ಎಲ್ಲಮ್ಮನಿಗೆ ಕೈಮುಗಿದು, ಹಣೆಗೆ ಭಂಡಾರ ಹಚ್ಚಿಕೊಂಡು ಊರಿಗಿಳಿದೆವು. ಅಲ್ಲೂ ಒಂದು ಕೋಟೆ. ಅವಳು ಮತ್ತೆ, "ನೀ ಬುರುಜು ಹತ್ತಿ ನೋಡು, ಊರೆಲ್ಲಾ ಕಾಣತೈತಿ. ನಾ ಈಗ ಬಂದೆ" ಎಂದಳು. ನಾನು ಬುರುಜು ಹತ್ತಿದೆ. ಊರೆಲ್ಲ ಕಾಣಿಸಿತು, ಊರ ಓಣಿಯಲ್ಲಿ ಮಹಾದೇವಿಯ ಹಸಿರು ದುಪಟ್ಟಾವೂ ಕಾಣಿಸಿತು. ಇಳಿದು ಹಿಂದೆ ಬಿದ್ದೆ.

ಬೇಹುಗಾರಿಕೆ ನನ್ನಂಥವರ ಕೆಲಸವಲ್ಲ. ಮುಖ ಮುಚ್ಚಿಕೊಂಡಿದ್ದರಿಂದ ನಾಯಿಯೊಂದು ಬೊಗಳುತ್ತ ಹಿಂದೆ ಬಂತು. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಹೆಂಗಸು, "ಯಾರನ್ನ ಹುಡುಕಾಕ ಹತ್ತೀಯವ್ವಾ? ಮುಂದ ಹೋದಾಕಿ ಎಡಕ್ಕ ತಿರಿಗಿದ್ಲು ನೋಡು" ಎಂದಳು. ಎಡಕ್ಕೆ ತಿರುಗಿದೆ. ಮಹಾದೇವಿ ಒಂದು ದೊಡ್ಡ ಮನೆಯ ಬಾಗಿಲಲ್ಲಿ ನಿಂತು, "ಎವ್ವಾ, ಕುಡ್ಯಾಕ ಸ್ವಲ್ಪ ನೀರ ಕೊಡ್ರಿ" ಎನ್ನುತ್ತಿದ್ದಳು. ಹುಡುಗನ ಸುಳಿವೇ ಇಲ್ಲ. ನಾಯಿಯ ಗದ್ದಲಕ್ಕೆ ತಿರುಗಿ ನನ್ನನ್ನು ನೋಡಿದಳು. ಬೆಚ್ಚಲೂ ಇಲ್ಲ. "ನನ್ನ ಗೆಳತಿ ರೀ. ಪರ ಊರಾಕಿ, ಊರ ನೋಡಾಕ ಬಂದಾಳ. ಬಾ ಸುಮಾ, ನೀನೂ ಕುಡಿ" ಎಂದಳು.

ಒಳಗೆ ತೂಗುಮಂಚದ ಮೇಲೆ ಮನೆಯ ಯಜಮಾನಿ ಕಾಲು ಚಾಚಿ ಕೂತಿದ್ದರು. ತುಂಬಾ ಪ್ರೀತಿಯಿಂದ ಮಾತಾಡಿಸಿದರು. ಸೊಸೆ ಬೆಲ್ಲ, ನೀರು ತಂದಳು. ಮಣಿಕಟ್ಟಿನವರೆಗೂ ಹಸಿ ಹಿಟ್ಟು ಮೆತ್ತಿದ್ದರಿಂದ ತಂಬಿಗೆಯನ್ನು ಎರಡೂ ಮುಂಗೈಗಳ ನಡುವೆ ಹಿಡಿದುಕೊಂಡಿದ್ದಳು.

"ಭಾಳ ಚಲೋ ಸೊಸಿ ನಮ್ಮಾಕಿ. ಕುಂದರ ಅಂದ್ರೂ ಕುಂದರಂಗಿಲ್ಲ," ಎಂದರು ಯಜಮಾನಿ.

ಮಹಾದೇವಿ ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿದಳು. ನಾನೂ ನೋಡಿದೆ. ಆ ಕೋಣೆಯಲ್ಲಿ ಕೂರಲು ಇದ್ದದ್ದು ತೂಗುಮಂಚ ಒಂದೇ, ಅದರ ಉದ್ದಕ್ಕೂ ಯಜಮಾನಿಯ ಕಾಲು.

ಬಸ್‌ಸ್ಟ್ಯಾಂಡಿನ ಬಳಿ ಕಬ್ಬಿನ ಹಾಲು ಕುಡಿಯುತ್ತ ಎಲ್ಲ ಹೊರಬಂತು. ಅವಳಿಗೆ ಮೂರು ಕಡೆಯಿಂದ ಸಂಬಂಧ ಬಂದಿದ್ದವು. ಕಿತ್ತೂರು, ಸವದತ್ತಿ, ರಾಮದುರ್ಗ. ನೀನು ಯಾವುದಕ್ಕೆ ಹೂಂ ಎನ್ನುತ್ತೀಯೋ ಅವರನ್ನೇ ಹೆಣ್ಣು ನೋಡಲು ಕರೆಯುತ್ತೇನೆ ಎಂದಿದ್ದರಂತೆ ಅಪ್ಪ.

"ಅದಕ್ಕೆ ಕಳ್ಳಿ ತರ ಮನೆ ಹೊಕ್ಕು ಬರೋದಾ? ಆಮೇಲೆ ನಿಮ್ಮ ದೊಡ್ಡೋರೇ ಹೋಗಿ ಮನೆ ನೋಡ್ತಾರಲ್ಲೇ."

"ಗಿರಿಜಕ್ಕನ ಮನಿ ನೋಡಾಕ ಒಂದ ಟೆಂಪೋ ತುಂಬ ಮಂದಿ ಹೋಗಿದ್ರು," ಎಂದಳು. ಗಿರಿಜಕ್ಕ ಅವಳ ಅಕ್ಕ, ಯರಗಟ್ಟಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. "ಹೊಲ ನೋಡಿದ್ರು, ಎತ್ತು ನೋಡಿದ್ರು, ಹೋಳಿಗಿ ಉಂಡು ಮನಿ ಚಲೋ ಐತಿ ಅಂತ ಬಂದ್ರು. ಹೋಳಿಗಿ ಮಾಡಿದಾಕಿ ಉಂಡ್ಲೋ ಇಲ್ಲೋ ಯಾರೂ ಕೇಳಲಿಲ್ಲ. ಈಗ ಗಿರಿಜಕ್ಕ ತವರಿಗೆ ಬಂದ್ರ ಎರಡ ದಿನ ಬರೇ ನಿದ್ದಿ ಮಾಡತಾಳ. ಮಾತಾಡೂದು ಮೂರನೇ ದಿನ. ಹೇಳಿ ಹೋದ್ರ ಎಲ್ಲಾ ಮನೀನೂ ಚಲೋ ಇರತಾವ ಸುಮಾ. ಹೇಳದ ಹೋಗಬೇಕು."

ಹೆಸರು ಸವೆದದ್ದು ಯಾರದು ಎಂದು ಆಗ ಗೊತ್ತಾಯಿತು. ಕಿತ್ತೂರಿನ ಆ ಮನೆಯ ಸೊಸೆಯದು. ಹುಡುಗ ಇಲ್ಲವೆಂದು ನನಗೆ ಸ್ವಲ್ಪ ನಿರಾಸೆಯೂ ಆಯಿತು ಎನ್ನಿ. ಉಳಿದಿದ್ದ ಮನೆಗೆ ನಾನೂ ಬರುತ್ತೇನೆ ಎಂದೆ.

ಮೂರನೆಯ ಭಾನುವಾರಕ್ಕೆ ಆಯಿಯ ತಾಳ್ಮೆ ಮುಗಿದಿತ್ತು. ರಾಮದುರ್ಗದಲ್ಲಿ ಏನಿದೆ ಎಂದರು. ಅರಮನೆ ಇದೆ ಎಂದೆವು. ಮತ್ತೇನಿದೆ ಎಂದರು. ಶಬರಿಯ ಗುಡಿಯಿರುವ ಶಬರಿಕೊಳ್ಳ ಇದೆ ಎಂದೆವು. "ಹದಿನೆಂಟ ವರ್ಷ ಮನ್ಯಾಗ ಇದ್ದಾಗ ಒಂದ ದಿನ ಶಬರಿ ನೆನಪಾಗಲಿಲ್ಲ, ಈಗ ಆತೇನು? ನೋಡವ್ವಾ ಹಾವಿನಂಗ ನುಂಗಾಕಿ, ನನ್ನ ಮೊಮ್ಮಗಳಿಗೆ ಏನರ ಆದ್ರ ನಿನ್ನ ಬಿಡಂಗಿಲ್ಲ," ಎಂದು ನನ್ನ ಕಡೆ ಬೆರಳು ತೋರಿಸಿದರು. ಯರಗಟ್ಟಿಯಲ್ಲಿ ಬಸ್ಸು ಬದಲಿಸುವಾಗಲೂ ಆಯಿ ಹಿಂದಿನ ಬಸ್ಸಿನಲ್ಲಿ ಬಂದಿರಬಹುದೆಂದು ನಾನು ತಿರುಗಿ ನೋಡಿದೆ.

ರಾಮದುರ್ಗದ ಆ ಮನೆ ಬಟ್ಟೆ ಅಂಗಡಿಯವರದು. ಓಣಿಯ ಕೊನೆಯಲ್ಲಿತ್ತು. ನಡು ಮಧ್ಯಾಹ್ನ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಐವತ್ತರ ಹತ್ತಿರದ ಹೆಂಗಸೊಬ್ಬರು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ತಲೆ ಬಾಚಿರಲಿಲ್ಲ. ಸೀರೆ ಭುಜದ ಹತ್ತಿರ ಹರಿದಿತ್ತು. ಅವರೇ ನೀಲವ್ವ, ಮನೆಯ ಯಜಮಾನಿ. ಮಹಾದೇವಿ ತನ್ನ ಮಾತನ್ನು ಒಪ್ಪಿಸಿದಳು.

"ಎವ್ವಾ, ಕುಡ್ಯಾಕ ಸ್ವಲ್ಪ ನೀರ..."

"ಯಾವೂರು?"

"ಧಾರವಾಡ ರೀ."

"ಇಲ್ಲ್ಯಾಕ ಬಂದೀರಿ?"

"ಶಬರಿಕೊಳ್ಳ ನೋಡಾಕ."

"ಶಬರಿಕೊಳ್ಳ ನಮ್ಮ ಓಣ್ಯಾಗ ಐತೇನು? ಅದು ಸುರೇಬಾನದ ಕಡೆ. ಬಸ್‌ಸ್ಟ್ಯಾಂಡಿನಾಗ ನೀರಿಲ್ಲೇನು? ನಡುವ ಇಷ್ಟ ಮನಿ ದಾಟಿ ಬಂದೀರಿ, ಅಲ್ಲೆಲ್ಲೂ ನೀರಿಲ್ಲೇನು?"

ಮಹಾದೇವಿಯ ಸಹಾಯಕ್ಕೆಂದು ನಾನು, "ಸುಮ್ನೆ ಊರು ನೋಡ್ಕೊಂಡು ಹೋಗೋಣ ಅಂತ ಬಂದ್ವಿ ಅಮ್ಮ" ಎಂದೆ.

"ಇಕಿ ಮಾತ ಬ್ಯಾರೆ ಐತಲ್ಲ! ಒಬ್ಬಾಕಿ ಒಂದ ದಿಕ್ಕು, ಇನ್ನೊಬ್ಬಾಕಿ ಇನ್ನೊಂದ ದಿಕ್ಕು. ಅಲ್ಲೇ ನಿಂದರ್ರಿ. ಹೊಸ್ತಿಲ ದಾಟಬ್ಯಾಡ್ರಿ."

ಒಳಗಿನಿಂದ ಹೆಣ್ಣುದನಿಯೊಂದು, "ಯಾರ್ರೀ ಅತ್ತಿ?" ಎಂದಿತು.

"ಯಾರೋ ನೀರ ಕೇಳಾಕ ಬಂದಾರ. ನೀ ಉಣ್ಣು, ಏಳಬ್ಯಾಡ. ನಾ ಕೊಡತೇನಿ."

ಹುಣಸೆಯ ಕೈ ತೊಳೆದುಕೊಂಡು ಅವರೇ ನೀರು ತಂದರು. ನಾವು ಕುಡಿಯುವವರೆಗೂ ನಮ್ಮ ಕೈ ಎಲ್ಲಿದೆ ಎಂದು ನೋಡುತ್ತ ನಿಂತಿದ್ದರು. ಬೆಲ್ಲದ ಮಾತೇ ಇಲ್ಲ. ನಾನು ಗಾಬರಿಯಲ್ಲಿ ತಂಬಿಗೆ ಹಿಡಿದೇ ನಾಲ್ಕು ಹೆಜ್ಜೆ ಹಾಕಿದ್ದೆ. "ಏ, ತಂಬಿಗಿ ಇತ್ತ ಕೊಟ್ಟ ಹೋಗು!" ಎಂದು ಹಿಂದೆಯೇ ಬಂದು ಕಿತ್ತುಕೊಂಡರು. ನಾವು ಓಣಿ ದಾಟುವವರೆಗೂ ಬೆನ್ನಿಗೆ ಅವರ ಕಣ್ಣು ತಾಗುತ್ತಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಮಹಾದೇವಿ ನಗುತ್ತ ಬೆಂಚಿನ ಮೇಲೆ ಕುಸಿದಳು.

"ಇದಽ ಮನಿ."

"ತಲೆ ಕೆಟ್ಟಿದ್ಯಾ? ನಮ್ಮನ್ನ ಕಳ್ಳರು ಅನ್ಕೊಂಡ್ರು ಕಣೆ ಅವರು!"

"ಅನ್ಕೊಳ್ಳಲಿ. ಸೊಸಿ ಉಣ್ಣಾಕ ಹತ್ತಿದ್ಲು, ಕೇಳಿದ್ಯಾ? ಅತ್ತಿ ಕೈಯೆಲ್ಲಾ ಹುಣಸಿಹಣ್ಣು ಆಗಿತ್ತು. ಆದ್ರೂ ಆಕಿನ್ನ ಎಬ್ಬಿಸಲಿಲ್ಲ."

"ಹುಡುಗನ್ನ ನೋಡೇ ಇಲ್ವಲ್ಲೇ."

"ಅಂವಾ ಮುಂಜಾನೆ ಅಂಗಡಿಗಿ ಹೋಗಿ ಸಂಜಿಕ ಬರತಾನ. ನಾ ದಿನಾ ಇರೂದು ಆಕಿ ಕೂಡ."

ಆಮೇಲೆ ನನ್ನ ಕೈ ಹಿಡಿದು, ಯಾರ ಮುಂದೂ ಹೇಳಬೇಡ ಎಂದಳು. ಹುಡುಗಿಯೇ ಹೋಗಿ ಮನೆ ನೋಡಿದಳು ಎಂದರೆ ಅಪ್ಪನ ಮರ್ಯಾದೆ ಹೋಗುತ್ತದೆ.

ಮುಂದಿನ ತಿಂಗಳು ರಾಮದುರ್ಗದವರು ಹೆಣ್ಣು ನೋಡಲು ಬಂದಾಗ ನಾನು ಜೋಳದ ಚೀಲಗಳ ಹಿಂದೆ ಅಡಗಿದ್ದೆ. ನನ್ನ ಬಾಯಿಂದ ಒಂದು ಮಾತು ಬಿದ್ದರೆ ಕತೆ ಮುಗಿಯುತ್ತಿತ್ತು. ನೀಲವ್ವ, ಸೀರೆಯುಟ್ಟು ತಲೆ ತಗ್ಗಿಸಿ ಕೂತಿದ್ದ ಮಹಾದೇವಿಯನ್ನು ಬಹಳ ಹೊತ್ತು ನೋಡಿ, "ಎಲ್ಲೋ ನೋಡಿದಂಗ ಐತಿ" ಎಂದರು. ನಮ್ಮ ಆಯಿಯೇ ಕಾಪಾಡಿದರು. "ಯಾರದರ ಮದಿವ್ಯಾಗ ನೋಡಿರಬೇಕ ತಗೋರಿ. ಹುಡಿಗ್ಯಾರ ಮಾರಿ ಎಲ್ಲಾ ಒಂದ ನಮೂನಿ ಇರತಾವ." ಹೀಗೆ ಹೇಳಿದವರು ಒಳಗೆ ಬಂದು ಜೋಳದ ಚೀಲದ ಮೇಲಿಂದ ನನ್ನನ್ನು ದಿಟ್ಟಿಸಿದರು. ಅವರಿಗೆ ಎಷ್ಟು ಗೊತ್ತಿತ್ತೋ ಇವತ್ತಿಗೂ ನನಗೆ ತಿಳಿಯದು. ಮದುವೆಯಲ್ಲಿ ನೀಲವ್ವ ಎಡಕ್ಕೆ ಬಂದರೆ ನಾನು ಬಲಕ್ಕೆ ಹೋಗುತ್ತಿದ್ದೆ.

ಅಲ್ಲಿಂದ ಮುಂದಿನದು ಫೋನಿನ ಸ್ನೇಹ. ನಾನು ಊರಲ್ಲಿ ಒಂದು ಖಾಸಗಿ ಶಾಲೆ ಸೇರಿದೆ, ಅವಳಿಗೆ ಇಬ್ಬರು ಮಕ್ಕಳಾದರು. ಅಂಗಡಿ, ಮಕ್ಕಳ ಓದು, ಮಂಡಿನೋವು, ಎಲ್ಲ ಹೇಳುತ್ತಿದ್ದಳು. ಅತ್ತೆ ಹೇಗಿದ್ದಾರೆ ಎಂದು ಕೇಳಿದರೆ ಮಾತ್ರ, "ಅದಾಳ" ಎನ್ನುವಳು. ಅಷ್ಟೇ. ಒಳ್ಳೆಯವರು ಎಂದೂ ಇಲ್ಲ, ಕೆಟ್ಟವರು ಎಂದೂ ಇಲ್ಲ. ಹಿಂದಿನಿಂದ ನೀಲವ್ವನ ದನಿ ಕೇಳುತ್ತಿತ್ತು, "ಯಾರದ ಫೋನು? ಎಷ್ಟೊತ್ತ ಮಾತಾಡತಿ?" ಇವಳು ದನಿ ತಗ್ಗಿಸಿ ಇಡುತ್ತೇನೆ ಎನ್ನುವಳು. ನನ್ನ ತನಿಖೆ ಮತ್ತೆ ಶುರುವಾಯಿತು. ಒಂದು ಮಧ್ಯಾಹ್ನ ಕೇಳಿದ ಒಂದೇ ಮಾತಿನ ಮೇಲೆ ಮನೆ ಆರಿಸಿದ ಹುಡುಗಿ, ಆರಿಸಿದ್ದು ತಪ್ಪಾದರೆ ಯಾರಿಗೆ ಹೇಳಿಕೊಂಡಾಳು? ತನ್ನದೇ ಆಯ್ಕೆ ಎಂದು ಬಾಯಿ ಕಟ್ಟಿಕೊಂಡಿದ್ದಾಳೆ. ವರ್ಷಗಳು ಹೋದಂತೆ ನನಗೆ ಇದು ಖಾತ್ರಿಯೇ ಆಗಿಬಿಟ್ಟಿತು.

ಜ್ವರವೆಂದು ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದರು. ಮನೆಗೆ ನಡೆದು ಬರಲಿಲ್ಲ. ನನಗೆ ಸುದ್ದಿ ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು.

ಮಾತಾಡಿಸಿಕೊಂಡು ಬರಲು ಹೋದ ತಿಂಗಳು ರಾಮದುರ್ಗಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ದುಃಖಕ್ಕೆ ಹೋದೆ ಎಂದರೆ ಅರ್ಧ ನಿಜ. ಆ ಮನೆ ಅವಳನ್ನು ಹೇಗೆ ಇಟ್ಟುಕೊಂಡಿತ್ತು ಎಂದು ನೋಡಿಯೇ ಬರುತ್ತೇನೆ ಎಂಬ ಹಟವೂ ಇತ್ತು.

ನೀಲವ್ವ ಒಳಗೆ ಗೋಡೆಗೆ ಒರಗಿ ಕೂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಹೆಸರು ಹೇಳಿದೆ.

"ಫೋನಿನಾಕಿ?"

"ಹೂಂ ಅಮ್ಮ."

"ಹೇಳದ ಬಂದೆಲ್ಲ."

ಎದುರಿಗೆ ಕೂತೆ. ಹಿರಿಯ ಸೊಸೆ ಶಾಂತಾ ನೀರು ತಂದಿಟ್ಟು, ಪಕ್ಕದಲ್ಲೇ ಕೂತು ಸ್ವಲ್ಪ ಅತ್ತು, ಒಲೆಯ ಮೇಲೆ ಏನೋ ಇದೆಯೆಂದು ಎದ್ದುಹೋದಳು. ಇದರಿಂದ ಏನನ್ನೂ ತೀರ್ಮಾನಿಸಲು ಆಗಲಿಲ್ಲ. ಸಾವಿನ ಮನೆಯಲ್ಲಿ ಎಲ್ಲರೂ ಮೆತ್ತಗಿರುತ್ತಾರೆ.

ಶಾಂತಾ ಹೋದದ್ದನ್ನು ಖಚಿತ ಮಾಡಿಕೊಂಡು ನೀಲವ್ವ ನನ್ನ ಕಡೆ ಬಾಗಿದರು.

"ಒಂದ ಮಾತ ಕೇಳತೇನಿ. ಖರೇ ಹೇಳಬೇಕು. ಆಕಿ ನನ್ನ ಬಗ್ಗೆ ಏನಂತಿದ್ಲು?"

"ಏನೂ ಅಂತಿರಲಿಲ್ಲ ಅಮ್ಮ."

"ಇಷ್ಟ ವರ್ಷ ಫೋನಿನಾಗ ಮಾತಾಡೀರಿ. ಏನೂ ಅಂದಿಲ್ಲ? ನಂಬಲೇನು?"

"ಹೇಗಿದ್ದಾರೆ ಅಂದ್ರೆ, ಅದಾಳ ಅಂತಿದ್ಲು."

"ಅದಾಳ," ಎಂದು ಅವರು ಮೆಲ್ಲಗೆ ತಾವೂ ಹೇಳಿಕೊಂಡರು. "ನಾ ಬಾಯಿ ಜೋರಿನಾಕಿ ಯವ್ವಾ. ಮುಂಜಾನಿಂದ ಒದರಕೋತ ಇರತೇನಿ. ಶಾಂತಾ ತಿರುಗಿ ಅಂತಾಳ, ಅಲ್ಲಿಗೆ ಮುಗೀತು. ಮಹಾದೇವಿ ಅನ್ನತಿರಲಿಲ್ಲ. ನನ್ನ ಮಾರಿ ನೋಡಿ ನಗತಿದ್ಲು. ಯಾಕ ನಗತಾಳ ಅನ್ನೂದು ನನಗ ತಿಳೀಲೇ ಇಲ್ಲ. ಅಪ್ಪ ಕೊಟ್ಟಾನಂತ ಇದ್ಲೋ, ತನ್ನ ಮನಸಿಗೆ ಬಂದು ಇದ್ಲೋ? ಕೇಳಬೇಕಂದ್ರ, ಸೊಸಿನ್ನ ಯಾರರ ಹಂಗ ಕೇಳತಾರೇನು? ಮುಂದ ಕೇಳಿದ್ರಾತು ಅಂತ ಬಿಟ್ಟೆ."

ನಾನು ಯಾವ ಅನುಮಾನ ಹೊತ್ತು ಅಷ್ಟು ದೂರದಿಂದ ಬಂದಿದ್ದೆನೋ ಅದನ್ನೇ ಇವರು ಆ ಗೋಡೆಯ ಬುಡದಲ್ಲಿ ಇಟ್ಟುಕೊಂಡು ಕೂತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟ ಮಾತು ನೆನಪಾಯಿತು. ಅವಳ ಅಪ್ಪನೂ ಈಗಿಲ್ಲ, ಆಯಿಯೂ ಇಲ್ಲ. ಮುಚ್ಚಿಡಲು ಯಾರ ಮರ್ಯಾದೆ ಉಳಿದಿದೆ?

"ಅವಳಪ್ಪ ಕೊಟ್ಟಿದ್ದಲ್ಲ ಅಮ್ಮ. ಅವಳೇ ಬಂದು ಮನೆ ನೋಡಿಕೊಂಡು ಹೋಗಿದ್ಲು. ನಿಮ್ಮನ್ನ ನೋಡಿ ಒಪ್ಪಿದ್ಲು," ಎಂದೆ. ಎಲ್ಲ ಹೇಳಿದೆ. ನೀರು ಕೇಳಿದ್ದು, ಉಣ್ಣುತ್ತಿದ್ದ ಸೊಸೆಯನ್ನು ಎಬ್ಬಿಸದೆ ಅವರೇ ಎದ್ದದ್ದು.

ನೀಲವ್ವ ನೆಟ್ಟಗಾಗಿ ಕೂತರು.

"ನನ್ನ ಸಮಾಧಾನಕ್ಕ ಹೇಳಬ್ಯಾಡ. ಅವತ್ತ ನಾ ಏನ ಮಾಡಾಕ ಹತ್ತಿದ್ದೆ?"

"ಹುಣಸೆಹಣ್ಣು ಕು‍ಟ್ತಿದ್ರಿ."

"ಬ್ಯಾಸಗ್ಯಾಗ ಎಲ್ಲಾರೂ ಹುಣಸಿಹಣ್ಣು ಕುಟ್ಟತಾರ."

"ತಲೆ ಬಾಚಿರಲಿಲ್ಲ. ಸೀರೆ ಇಲ್ಲಿ, ಭುಜದ ಹತ್ರ ಹರಿದಿತ್ತು. ನಾನು ಗಾಬರಿಯಾಗಿ ತಂಬಿಗೆ ಹಿಡ್ಕೊಂಡೇ ಹೊರಟಿದ್ದೆ. ನೀವು ಹಿಂದೆಯೇ ಬಂದು ಕಿತ್ಕೊಂಡ್ರಿ."

ನೀಲವ್ವನ ಕೈ ತಾನಾಗಿಯೇ ಭುಜಕ್ಕೆ ಹೋಯಿತು. ಈಗ ಉಟ್ಟಿದ್ದ ಸೀರೆ ಸರಿಯಾಗಿಯೇ ಇತ್ತು.

"ಆ ತಂಬಿಗಿ ಕಳ್ಳಿ ನೀನಾ?"

"ಹೂಂ."

"ಹರಕ ಸೀರ್ಯಾಗ ನೋಡಿಯೂ ಹೂಂ ಅಂದ್ಲಾ ಆಕಿ?"

"ಬಸ್‌ಸ್ಟ್ಯಾಂಡಿಗೆ ಬಂದ ತಕ್ಷಣ ಅಂದ್ಲು."

"ಹುಚ್ಚಿ," ಎಂದರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಒಂದೇ ಸಮನೆ ಕೂಗತೊಡಗಿದರು. "ಏ ಶಾಂತಾ! ಒಲಿ ಆರಿಸಿ ಬಾ. ಇಕಿ ಏನ ಹೇಳತಾಳ ಕೇಳು ಬಾ."

ಶಾಂತಾ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ನೀಲವ್ವ ನನ್ನ ಮೊಣಕಾಲು ತಟ್ಟಿದರು.

"ಈಗ ಮೊದಲಿಂದ ಹೇಳು. ಮನಿ ಬಿಟ್ಟಲ್ಲಿಂದ ಹೇಳು. ಏನೂ ಬಿಡಬ್ಯಾಡ."

ನಾನು ಮತ್ತೆ ಶುರುಮಾಡಿದೆ. ಈ ಸಲ ಎಲ್ಲಾದರೂ ಬೇರೆ ಹೇಳುತ್ತೇನೇನೋ ಎಂದು ಅವರು ನನ್ನ ಬಾಯಿಯನ್ನೇ ನೋಡುತ್ತ ಕೂತರು.